ಕೋವಿಯ ಕತ್ತು

ಹಳೆಯ ಕೇಪಿನ ಕೋವಿ ಕೊಳ್ಳಲು ಬಂದವರು ಮೊದಲು ಮಾಡುವ ಕೆಲಸ ನಳಿಗೆಯ ಬಾಯಿಗೆ ಕಣ್ಣಿಟ್ಟು ಒಳಗೆ ನೋಡುವುದು. ಅದು ಅಪಾಯದ ಚಾಳಿ, ಯಾಕೆಂದು ಮುಂದೆ ಹೇಳುತ್ತೇನೆ. ಮಾರುವವರೂ ನಳಿಗೆಯನ್ನೇ ಹೊಗಳುತ್ತಾರೆ. ಮರದ ಭಾಗಕ್ಕೆ ಒಂದು ಕೋಟು ಪಾಲಿಶ್ ಬಿದ್ದಿರುತ್ತದೆ, ಅಲ್ಲಿಗೆ ಅದರ ಮಾತು ಮುಗಿಯಿತು. ಆದರೆ ಬಾಯಿಯಿಂದ ಮದ್ದು ತುಂಬುವ ಕೋವಿ ಸೋಲುವುದು ಹೆಚ್ಚಾಗಿ ಮರದಲ್ಲಿ; ಅದರಲ್ಲೂ ಟ್ರಿಗರಿನ ಹಿಂದೆ, ಬಲಗೈ ಬಿಗಿಯಾಗಿ ಹಿಡಿಯುವ ಸಣ್ಣ ಜಾಗದಲ್ಲಿ. ಇಡೀ ಕೋವಿಯಲ್ಲಿ ಮರ ಅತ್ಯಂತ ತೆಳ್ಳಗಿರುವುದು ಅಲ್ಲೇ. ಸಾಲದ್ದಕ್ಕೆ ಕಿಡಿ ಕೊಡುವ ಕೇಪಿಗೆ ಬಡಿಯುವ ಕುದುರೆಯ ಯಂತ್ರ ಕೂರಿಸಲು ಒಂದು ಬದಿ ಕೊರೆದಿರುತ್ತಾರೆ, ಟ್ರಿಗರಿಗೆಂದು ಕೆಳಗಿನಿಂದ ಸೀಳಿರುತ್ತಾರೆ, ಸ್ಕ್ರೂಗಳಿಗೆಂದು ಆರಪಾರ ತೂತು ಹೊಡೆದಿರುತ್ತಾರೆ. ಇಷ್ಟೆಲ್ಲ ಕಳೆದು ಉಳಿದ ಮರವೇ ಕೋವಿಯ ಕತ್ತು. ಈ ಅಧ್ಯಾಯ ಆ ಕತ್ತಿನ ಬಗ್ಗೆ.

ಬೆಂಗಳೂರಿನ ಜೆ.ಪಿ. ನಗರದಲ್ಲಿ ನೆಲೆಸಿರುವ ಕೊಡಗಿನ ಹಿರಿಯರೊಬ್ಬರು ಸಂಬಂಧಿಕರಿಂದ ಕೊಂಡ ಒಂಟಿ ನಳಿಗೆಯ ಕೋವಿಯೊಂದು ನಮ್ಮ ಉದಾಹರಣೆ. ಪೊಲೀಸ್ ಠಾಣೆಯ ದಾಖಲೆಯಲ್ಲಿ ಇಂಥದ್ದಕ್ಕೆ ಎಸ್‌ಬಿಎಂಎಲ್ (ಸಿಂಗಲ್ ಬ್ಯಾರೆಲ್ ಮಜಲ್ ಲೋಡಿಂಗ್) ಎಂದು ಹೆಸರು. ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದವರ ಬಾಯಲ್ಲೂ ಅದೇ. ಕೊಡಗಿನವರದ್ದು ಬೇರೆ ಕಥೆ. 1861ರಲ್ಲಿ, ಬೆಂಗಳೂರಿಗರಿಗೆ ಈಗ ಉದ್ಯಾನವಾಗಿಯಷ್ಟೇ ಪರಿಚಯವಿರುವ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್, ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಸ್ವಾತಂತ್ರ್ಯ ಬಂದು 1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಯಾದ ಮೇಲೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ 10 ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಜಿಲ್ಲೆಯಿಂದ ಹೊರಗಿರುವಾಗ ಒಂದು ರೈಫಲ್, ಒಂದು ನುಣುಪು ನಳಿಗೆಯ ಕೋವಿ, ಅಷ್ಟಕ್ಕೇ ಮಿತಿ. ರಿಪೇರಿಗೆ ಮಾತ್ರ ಯಾರಿಗೂ ವಿನಾಯಿತಿ ಇಲ್ಲ ಎಂದುಕೊಳ್ಳುವುದೇ ಕ್ಷೇಮ. ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸುವುದು, ಮಾರುವುದರಂತೆ ರಿಪೇರಿಗೂ ಪರವಾನಗಿ ಬೇಕು. ಹಾಗಾಗಿ ಇಲ್ಲಿ ಹೇಳಿರುವ ಕೆಲಸವೆಲ್ಲ ನಡೆದದ್ದು ಲೈಸೆನ್ಸ್ ಇರುವ ಗನ್ ಹೌಸಿನ ಮೇಸ್ತ್ರಿಯ ಬೆಂಚಿನ ಮೇಲೆ. ನನ್ನದು ನೋಡುವ, ಕೇಳುವ ಕೆಲಸ.

ಮೇಸ್ತ್ರಿ ಮೊದಲು ಮುಟ್ಟಿದ್ದು ಗಜವನ್ನು, ಅಂದರೆ ಮದ್ದು ಇಡಿಯುವ ಸಲಾಕೆಯನ್ನು. ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಉಗುರಿನಿಂದ ಗುರುತು ಹಿಡಿದು, ಹೊರಗೆ ತೆಗೆದು ನಳಿಗೆಯ ಪಕ್ಕಕ್ಕಿಟ್ಟರು. ಗಜದ ತುದಿ ಕೇಪು ಕೂರುವ ಜಾಗದವರೆಗೂ ಬಂದರೆ ನಳಿಗೆ ಖಾಲಿ. ಮೂರು ನಾಲ್ಕು ಬೆರಳಿನಷ್ಟು ಹಿಂದೆಯೇ ನಿಂತರೆ ಒಳಗೆ ಈಡು ಕೂತಿದೆ ಎಂದರ್ಥ. ತೋಟೆ ಕೋವಿಯನ್ನಾದರೆ ಮಡಚಿ ನೋಡಿದರೆ ಗೊತ್ತಾಗುತ್ತದೆ, ಇದರಲ್ಲಿ ಬೇರೆ ದಾರಿಯಿಲ್ಲ. ಅಜ್ಜ ಹಂದಿಗೆಂದು ತುಂಬಿ ಅಟ್ಟದ ಮೇಲಿಟ್ಟದ್ದು ಮೊಮ್ಮಗನ ಕಾಲದವರೆಗೂ ಹಾಗೇ ಇರಬಹುದು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಗೆಟಿಸ್‌ಬರ್ಗ್ ಕದನದ ನಂತರ, ರಣಭೂಮಿಯಿಂದ ಆಯ್ದು ತಂದ 27 ಸಾವಿರಕ್ಕೂ ಹೆಚ್ಚು ಬಂದೂಕುಗಳಲ್ಲಿ ಸುಮಾರು 24 ಸಾವಿರ ತುಂಬಿದ ಸ್ಥಿತಿಯಲ್ಲಿದ್ದವು. ಅದರಲ್ಲೂ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು. ಗದ್ದಲದಲ್ಲಿ ಮೊದಲನೆಯದು ಹಾರಿತೋ ಇಲ್ಲವೋ ಸೈನಿಕನಿಗೇ ತಿಳಿದಿರಲಿಲ್ಲ. ನಳಿಗೆಗೆ ಕಣ್ಣಿಡಬಾರದು ಎಂದದ್ದು ಇದಕ್ಕೇ.

ನಮ್ಮ ಕೋವಿ ಖಾಲಿಯಿತ್ತು. ಕಬ್ಬಿಣದ ಸ್ಥಿತಿಯೂ ಪರವಾಗಿಲ್ಲ, ಕೇಪು ಕೂರುವ ತೊಟ್ಟಿನ ಸುತ್ತ ಮಾತ್ರ ತುಕ್ಕು ಗುಳಿಗುಳಿಯಾಗಿ ತಿಂದಿತ್ತು. ಆ ಜಾಗವೇ ಯಾಕೆ? ಕರಿಮದ್ದು ಉರಿದಾಗ ಪೂರ್ತಿ ಹೊಗೆಯಾಗಿ ಹೋಗುವುದಿಲ್ಲ. ನೋಬಲ್ ಮತ್ತು ಏಬಲ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ 1870ರ ದಶಕದಲ್ಲಿ ಮುಚ್ಚಿದ ಉಕ್ಕಿನ ಪಾತ್ರೆಯೊಳಗೆ ಮದ್ದು ಉರಿಸಿ ತೂಗಿ ನೋಡಿದರು. ಅನಿಲವಾದದ್ದು ತೂಕದ ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಪೊಟ್ಯಾಷಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡುಗಳ ಮಸಿ. ಇವು ಗಾಳಿಯ ತೇವವನ್ನು ಹೀರಿ ಕಬ್ಬಿಣದ ಮೇಲೆ ಒದ್ದೆಯಾಗಿ ಕೂರುತ್ತವೆ. ಹಳೆಯ ಕೇಪುಗಳಲ್ಲಿದ್ದ ಕ್ಲೋರೇಟ್ ಸಿಡಿದ ಮೇಲೆ ಅಡುಗೆ ಉಪ್ಪಿನ ಸೋದರನಾದ ಪೊಟ್ಯಾಷಿಯಂ ಕ್ಲೋರೈಡನ್ನು ಬಿಟ್ಟುಹೋಗುತ್ತದೆ. ಇವೆಲ್ಲ ಎಣ್ಣೆಗೆ ಬಗ್ಗುವ ವಸ್ತುಗಳಲ್ಲ, ನೀರಿಗೆ ಕರಗುವಂಥವು. ಕೊಡಗಿನ ಹಳಬರು ಈಡು ಹೊಡೆದ ದಿನವೇ ನಳಿಗೆಗೆ ಬಿಸಿನೀರು ಹುಯ್ದು ತೊಳೆಯುತ್ತಿದ್ದುದು ರಸಾಯನಶಾಸ್ತ್ರದ ದೃಷ್ಟಿಯಿಂದ ಸರಿಯಾದ ಕ್ರಮ. ಪಟ್ಟಣ ಸೇರಿದ ಮೊಮ್ಮಕ್ಕಳು ನೀರಿಗೆ ಹೆದರಿ ಎಣ್ಣೆ ಸುರಿಯುತ್ತಾರೆ. ಎಣ್ಣೆಯ ಕೆಳಗೆ ಉಪ್ಪು ತನ್ನ ಕೆಲಸ ಮಾಡುತ್ತಲೇ ಇರುತ್ತದೆ.

ಇನ್ನು ಕತ್ತು. ಮೇಲುಭಾಗದಲ್ಲಿ ಉದ್ದನೆಯ ಒಂದು ಸೀಳು, ಎಡಬದಿಯಲ್ಲಿ ಓರೆಯಾಗಿ ಇನ್ನೊಂದು. ಯಾರೋ ಹಿಂದೆಯೇ ಅದರ ಸುತ್ತ ಹಿತ್ತಾಳೆ ತಗಡು ಸುತ್ತಿ ಸಣ್ಣ ಮೊಳೆಗಳನ್ನು ಹೊಡೆದಿದ್ದರು. "ನಳಿಗೆ ಗಟ್ಟಿ ಇದೆ ಮೇಸ್ತ್ರಿ, ಮರ ಹೋಗಿದೆ, ಬೇರೆ ಹಾಕಿಬಿಡಿ" ಎಂದರು ಹಿರಿಯರು. "ಇರಿ ಸಾರ್, ಯಾಕೆ ಸೀಳಿತು ಅಂತ ಗೊತ್ತಾಗದೆ ಹೊಸ ಮರ ಹಾಕಿದ್ರೆ ಅದೂ ಸೀಳುತ್ತೆ" ಎಂದರು ಮೇಸ್ತ್ರಿ. ನನ್ನ ಮಟ್ಟಿಗೆ ಇಡೀ ರಿಪೇರಿಯ ವಿಜ್ಞಾನ ಆ ಒಂದು ಮಾತಿನಲ್ಲಿದೆ.

ಕತ್ತಿನ ಮೇಲೆ ಬೀಳುವ ಹೊರೆ ಎಷ್ಟು? ಅಳತೆಗಳು ಚೆನ್ನಾಗಿ ದಾಖಲಾಗಿರುವ ಕೋವಿಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ: 1853ರ ಮಾದರಿಯ ಎನ್‌ಫೀಲ್ಡ್ ರೈಫಲ್. 1857ರಲ್ಲಿ ಸಿಪಾಯಿಗಳನ್ನು ಕೆರಳಿಸಿದ ಕೊಬ್ಬಿನ ತೋಟೆಗಳು ಇದರವೇ. ದಂಗೆ ಅಡಗಿದ ಮೇಲೆ ಬ್ರಿಟಿಷರು ಭಾರತೀಯ ಸೈನಿಕರ ಕೈಗೆ ಇದೇ ಆಕಾರದ, ಆದರೆ ಒಳಗೆ ಸುರುಳಿ ಗೀರುಗಳಿಲ್ಲದ ನುಣುಪು ನಳಿಗೆಯ ಕೋವಿಯನ್ನು ಕೊಟ್ಟರು. ದೂರದ ಗುರಿ ತಪ್ಪಲಿ ಎಂಬುದೇ ಉದ್ದೇಶ. ರೈಫಲಿನ ತೂಕ 4 ಕಿಲೋಗ್ರಾಂಗಿಂತ ತುಸು ಹೆಚ್ಚು, ನಳಿಗೆ 39 ಅಂಗುಲ, ಸೀಸದ ಗುಂಡು ಸುಮಾರು 34 ಗ್ರಾಂ, ಬಾಯಿ ಬಿಡುವಾಗ ಅದರ ವೇಗ ಸೆಕೆಂಡಿಗೆ 270 ಮೀಟರಿನ ಆಸುಪಾಸು. ಗುಂಡಿನದ್ದೂ ಅನಿಲದ್ದೂ ಸೇರಿ ಮುಂದಕ್ಕೆ ಹೋಗುವ ಸಂವೇಗ ಅಂದಾಜು 11 ಏಕಮಾನ. ನ್ಯೂಟನ್ನನ ಮೂರನೇ ನಿಯಮದಂತೆ ಕೋವಿಯೂ ಅಷ್ಟೇ ಸಂವೇಗದಿಂದ ಹಿಂದಕ್ಕೆ ಬರಬೇಕು, ಅಂದರೆ ಸೆಕೆಂಡಿಗೆ ಎರಡೂವರೆ ಮೀಟರಿನಷ್ಟು ವೇಗ. ಹೆಗಲಿಗೆ ಇದು ದೊಡ್ಡ ಪೆಟ್ಟೇನಲ್ಲ. ಆದರೆ ಆ ವೇಗ ಬರುವುದು ಗುಂಡು ನಳಿಗೆಯಲ್ಲಿರುವ ಸುಮಾರು 6 ಮಿಲಿಸೆಕೆಂಡುಗಳಲ್ಲಿ. 11ನ್ನು 0.006ರಿಂದ ಭಾಗಿಸಿದರೆ 1,800 ನ್ಯೂಟನ್, ಅಂದರೆ 180 ಕಿಲೋ ತೂಕದಷ್ಟು ಬಲ.

ಈ ಬಲ ಹುಟ್ಟುವುದು ಕಬ್ಬಿಣದೊಳಗೆ. ಮರಕ್ಕೆ ಅದರ ಸುದ್ದಿ ತಲುಪುವುದು ಕಬ್ಬಿಣ ಬಂದು ಒತ್ತಿದಾಗಲೇ. ಮರದ ತೂಕ ಒಂದು ಕಿಲೋ ಚಿಲ್ಲರೆ ಎಂದಿಟ್ಟುಕೊಂಡರೆ, ಅದನ್ನು ಕಬ್ಬಿಣದ ಜೊತೆಗೆ ಹಿಂದಕ್ಕೆ ಓಡಿಸಲು ಸರಾಸರಿ 50 ಕಿಲೋ ಭಾರದಷ್ಟು ಒತ್ತಡ ದಾಟಬೇಕು; ಮದ್ದು ಭುಗಿಲೆದ್ದ ಮೊದಲ ಕ್ಷಣದಲ್ಲಿ ಅದರ ಎರಡು ಮೂರು ಪಟ್ಟು. ದಾಟಬೇಕಾದ ಜಾಗ ನಳಿಗೆಯ ಹಿಂತುದಿಯ ಚಪ್ಪಟೆ ಮುಖ. ಅದರಿಂದ ಹಿಂದಕ್ಕೆ ಬಾಲದಂಥ ತೆಳುವಾದ ಪಟ್ಟಿಯೊಂದು ಕತ್ತಿನ ಮೇಲೆ ಮಲಗಿರುತ್ತದೆ, ಅದಕ್ಕೊಂದು ಸ್ಕ್ರೂ. ಚಪ್ಪಟೆ ಮುಖ ಮರಕ್ಕೆ ಪೂರ್ತಿ ತಾಗಿ ಕೂತಿದ್ದರೆ ಹೊರೆ ಹರಡಿಹೋಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಸಂದಿ ಬಿದ್ದರೂ ಸಾಕು, ಮುಖ ಮರವನ್ನು ಮುಟ್ಟುವ ಮೊದಲೇ ಬಾಲದ ಚೂಪು ತುದಿ ಮುಟ್ಟುತ್ತದೆ. ಆಗ ಪ್ರತಿ ಈಡಿಗೂ ಸೌದೆ ಸೀಳುವವನು ಬೆಣೆಯ ಮೇಲೆ ಹಾಕುವಂಥ ಪೆಟ್ಟು ಕತ್ತಿನ ಮೇಲೆ. ಮೇಲಿನ ಉದ್ದನೆಯ ಸೀಳು ಸರಿಯಾಗಿ ಬಾಲದ ತುದಿಯಿಂದಲೇ ಹೊರಟಿತ್ತು.

ಆ ಸಂದಿ ಎಲ್ಲಿಂದ ಬಂತು ಎನ್ನುವುದಕ್ಕೆ ಉತ್ತರ ಅರ್ಧ ಕೊಡಗಿನಲ್ಲಿದೆ, ಅರ್ಧ ಜೆ.ಪಿ. ನಗರದಲ್ಲಿ. ಮರ ಕಡಿದು ಎಷ್ಟು ವರ್ಷವಾದರೂ ಸುತ್ತಲಿನ ಗಾಳಿಯ ಜೊತೆ ನೀರಿನ ಕೊಡುಕೊಳ್ಳುವಿಕೆ ನಿಲ್ಲಿಸುವುದಿಲ್ಲ. ಮಡಿಕೇರಿಯ ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಒಣಗದ ಗಾಳಿಯಲ್ಲಿ ಮರದ ತೇವಾಂಶ ಅದರ ಒಣತೂಕದ ಶೇ 17-18ರವರೆಗೆ ಏರುತ್ತದೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನಗಳಲ್ಲಿ ಗಾಳಿಯ ಆರ್ದ್ರತೆ ಶೇ 30ರ ಸುಮಾರಿಗೆ ಇಳಿಯುತ್ತದೆ. ಅಲ್ಲಿ ಬೇಸಿಗೆ ಕಳೆದ ಮರದಲ್ಲಿ ಶೇ 8 ಉಳಿದರೆ ಹೆಚ್ಚು. ನೀರು ಹೋದಂತೆ ಮರ ಕುಗ್ಗುತ್ತದೆ, ಆದರೆ ಎಲ್ಲ ದಿಕ್ಕಿಗೂ ಸಮವಾಗಿ ಅಲ್ಲ. ಎಳೆಯ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಬಾರದಷ್ಟು. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ. ವಾರ್ಷಿಕ ಉಂಗುರಗಳ ಸುತ್ತಿನ ಗುಂಟ ಅದರ ಎರಡು ಪಟ್ಟು. ಹಸಿಯಿಂದ ಪೂರ್ತಿ ಒಣಗುವವರೆಗೆ ಈ ಸುತ್ತಿನ ಕುಗ್ಗುವಿಕೆ ತೇಗ, ಬೀಟೆಗಳಲ್ಲಿ ಶೇ 5ರಿಂದ 6. ಅದರಂತೆ ಲೆಕ್ಕ ಹಾಕಿದರೆ, 45 ಮಿಲಿಮೀಟರ್ ಅಗಲದ ಕತ್ತು ಕೊಡಗಿನ ಮಳೆಯಿಂದ ಬೆಂಗಳೂರಿನ ಬೇಸಿಗೆಗೆ ಬರುವಾಗ ಸುಮಾರು ಮುಕ್ಕಾಲು ಮಿಲಿಮೀಟರ್ ಕಿರಿದಾಗುತ್ತದೆ. ಅದರೊಳಗಿನ ಕಬ್ಬಿಣ ಮಾತ್ರ ಒಂದಿಷ್ಟೂ ಕುಗ್ಗುವುದಿಲ್ಲ. ಕೂರಿಸಿದ ಗುಣಿಗಳ ಆಕಾರ ಕೆಡುತ್ತದೆ, ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಂದಿ. ಎರಡು ಸ್ಕ್ರೂಗಳ ನಡುವೆ ಸಿಕ್ಕಿಬಿದ್ದ ಮರಕ್ಕೆ ಕುಗ್ಗಲು ಜಾಗವಿಲ್ಲದೆ ಸೀಳದೆ ಗತಿಯಿಲ್ಲ. ಒಂದು ಈಡೂ ಹೊಡೆಯದೆ, ಷೋಕೇಸಿನಲ್ಲಿ ನಿಂತಲ್ಲೇ ಕೋವಿ ಸೀಳುವುದು ಹೀಗೆ.

ಎಡಬದಿಯ ಓರೆ ಸೀಳಿಗೆ ಕಾರಣ ಮರ ಆರಿಸಿದವನ ಕಣ್ಣು. ಮರದ ಬಲವೆಲ್ಲ ಎಳೆಯ ಉದ್ದಕ್ಕೆ. ಅಡ್ಡಕ್ಕೆ ಎಳೆದರೆ ಇಪ್ಪತ್ತರಲ್ಲಿ ಒಂದು ಭಾಗಕ್ಕೂ ಕಡಿಮೆ ಬಲಕ್ಕೇ ಬಿಟ್ಟುಕೊಡುತ್ತದೆ. ಕೋವಿಯ ಆಕಾರವೋ ಸೊಟ್ಟ: ಮುಂಭಾಗ ನೇರ, ಕತ್ತಿನಲ್ಲಿ ಕೆಳಕ್ಕೆ ಬಾಗಿ ಬಟ್ಟಿನ ಕಡೆಗೆ ಇಳಿಯುತ್ತದೆ. ನೇರ ಹಲಗೆಯಿಂದ ಕೊರೆದರೆ ಕತ್ತಿನಲ್ಲಿ ಎಳೆಗಳು ಆಕಾರದ ಜೊತೆ ಹೋಗದೆ ಓರೆಯಾಗಿ ಹೊರಬೀಳುತ್ತವೆ. ಹ್ಯಾಂಕಿನ್ಸನ್ ಎಂಬಾತ 1921ರಲ್ಲಿ ಈ ಓರೆಗೂ ಬಲಕ್ಕೂ ಇರುವ ಸಂಬಂಧಕ್ಕೆ ಒಂದು ಸೂತ್ರ ಕೊಟ್ಟ. ಆಗ ವಿಮಾನಗಳನ್ನು ಮರದಲ್ಲೇ ಕಟ್ಟುತ್ತಿದ್ದರು, ಓರೆ ಎಳೆಯ ಒಂದು ಪಟ್ಟಿ ಪೈಲಟ್ಟಿನ ಪ್ರಾಣ ತೆಗೆಯಬಹುದಿತ್ತು. ಸೂತ್ರದ ಪ್ರಕಾರ ಎಳೆ 15 ಡಿಗ್ರಿ ಓರೆಯಾದರೆ ಎಳೆತ ತಡೆಯುವ ಬಲ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಹಳೆಯ ಕಸುಬುದಾರರು ಮರ ಕವಲೊಡೆಯುವ ಬುಡದಲ್ಲಿ, ಎಳೆಯೇ ಸಹಜವಾಗಿ ಬಾಗಿರುವ ತುಂಡನ್ನು ಹುಡುಕುತ್ತಿದ್ದುದು ಸುಮ್ಮನಲ್ಲ. ನಮ್ಮ ಕೋವಿಯ ಮರ ಅಂಥದ್ದಲ್ಲ, ನೇರ ಹಲಗೆ. ಮಳೆಗಾಲದಲ್ಲಿ ಅಂಗಳದಲ್ಲೆಲ್ಲೋ ಕಾಲುಜಾರಿ ಬಿದ್ದಿರಬೇಕು, ಅಥವಾ ಚುನಾವಣೆಗೆಂದು ಠಾಣೆಯಲ್ಲಿ ಠೇವಣಿ ಇಟ್ಟಾಗ ರಾಶಿಯಲ್ಲಿ ಉರುಳಿರಬೇಕು. ಓರೆ ಎಳೆಯ ಗುಂಟ ಸೀಳು ಓಡಿದೆ.

ಮೇಸ್ತ್ರಿ ತಗಡು ಬಿಚ್ಚಿದಾಗ ಇನ್ನೊಂದು ಸಂಗತಿ ಕಂಡಿತು. ಪ್ರತಿ ಮೊಳೆಯ ಸುತ್ತಲೂ ನೀಲಿಗಪ್ಪು ಉಂಗುರ, ಮುಟ್ಟಿದರೆ ಮರ ಹುಡಿಯಾಗುತ್ತಿತ್ತು. ಮರದ ಟ್ಯಾನಿನ್ ಮತ್ತು ಕಬ್ಬಿಣದ ತುಕ್ಕು ಸೇರಿದರೆ ಆಗುವುದು ಹಿಂದಿನವರು ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಾಡುತ್ತಿದ್ದ ಶಾಯಿಯೇ. ಬಣ್ಣದಿಂದ ನಷ್ಟವಿಲ್ಲ. ಆದರೆ ಕಬ್ಬಿಣದ ಅಯಾನುಗಳು ತೇವದ ನೆರವಿನಿಂದ ಮರದ ಸೆಲ್ಯುಲೋಸ್ ಸರಪಣಿಯನ್ನೇ ಕಡಿಯುತ್ತ ಹೋಗುತ್ತವೆ. ಸೀಳನ್ನು ಹಿಡಿದಿಡಲೆಂದು ಹೊಡೆದ ಮೊಳೆ ತಾನು ಹಿಡಿದ ಮರವನ್ನೇ ತಿನ್ನುತ್ತಿತ್ತು. ಹಳ್ಳಿಗಳಲ್ಲಿ ಹಸಿ ತೊಗಲನ್ನು ಬಿಗಿಯಾಗಿ ಸುತ್ತಿ ಒಣಗಲು ಬಿಡುವ ಪದ್ಧತಿಯೂ ಇತ್ತು. ತೊಗಲು ಒಣಗುತ್ತ ಕುಗ್ಗಿ ಸೀಳನ್ನು ಅದುಮಿ ಹಿಡಿಯುತ್ತದೆ, ತೂತಿಲ್ಲ, ತುಕ್ಕಿಲ್ಲ. ಮೊಳೆ ಹೊಡೆದವನಿಗಿಂತ ಅವನು ಬುದ್ಧಿವಂತ.

ಅಂಟು ಹಾಕುವ ಮೊದಲು ಎಣ್ಣೆಯ ಸಮಸ್ಯೆ ಬಗೆಹರಿಯಬೇಕು. ಕೋವಿಯನ್ನು ಬಟ್ಟು ಕೆಳಗೆ ಮಾಡಿ ಗೋಡೆಗೆ ಒರಗಿಸುವುದು ಎಲ್ಲರ ಅಭ್ಯಾಸ. ಯಂತ್ರಕ್ಕೆ ಬಿಟ್ಟ ಎಣ್ಣೆ ದಶಕಗಟ್ಟಲೆ ಇಳಿದು ಕತ್ತಿನ ಮರದಲ್ಲಿ ತುಂಬಿಕೊಂಡಿರುತ್ತದೆ, ಅಂಥ ಮರಕ್ಕೆ ಫೆವಿಕಾಲೂ ಅಷ್ಟೇ, ಅರಾಲ್ಡೈಟೂ ಅಷ್ಟೇ. ಮೇಸ್ತ್ರಿ ಸೀಮೆಸುಣ್ಣದ ನಯವಾದ ಪುಡಿಯನ್ನು ಅಸಿಟೋನಿನಲ್ಲಿ ಕಲಸಿ ಕತ್ತಿಗೆ ದಪ್ಪನೆ ಮೆತ್ತಿದರು. ಬೆಳ್ಳಗಿದ್ದ ಲೇಪ ಒಣಗುತ್ತಿದ್ದಂತೆ ಅಂಚಿನಿಂದ ಹಳದಿಗೆ ತಿರುಗಿ, ಆಮೇಲೆ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬಂತು. ಅಸಿಟೋನ್ ಮರದೊಳಗೆ ಹೋಗಿ ಎಣ್ಣೆಯನ್ನು ಕರಗಿಸುತ್ತದೆ, ಆರುವಾಗ ಮೇಲ್ಮೈಗೆ ಬರುತ್ತದೆ. ಸುಣ್ಣದ ಪುಡಿಯ ನಡುವಿನ ಸೂಕ್ಷ್ಮ ರಂಧ್ರಗಳು ಲೋಮನಾಳ ಕ್ರಿಯೆಯಿಂದ ಎಣ್ಣೆಯನ್ನು ಎಳೆದುಕೊಳ್ಳುತ್ತವೆ. ಕೆರೆದು ಹಾಕಿ ಮತ್ತೆ ಮೆತ್ತುವುದು, ಲೇಪ ಬೆಳ್ಳಗೇ ಉಳಿಯುವವರೆಗೆ. ಕಿಟಕಿ ತೆರೆದು, ಬೆಂಕಿಯಿಂದ ದೂರದಲ್ಲಿ ಮಾಡಬೇಕಾದ ಕೆಲಸ.

ಸೀಳಿಗೆ ಎಪಾಕ್ಸಿ. ಫೆವಿಕಾಲ್ ಜಾತಿಯ ಅಂಟು ಒಣಗುವುದು ನೀರು ಬಿಟ್ಟುಕೊಟ್ಟು, ಹಾಗಾಗಿ ಕುಗ್ಗುತ್ತದೆ. ಸತತ ಹೊರೆ ಬಿದ್ದರೆ ನಿಧಾನವಾಗಿ ಜರುಗುತ್ತದೆ ಕೂಡ. ಎಪಾಕ್ಸಿ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುವುದರಿಂದ ಎದುರುಬದುರು ಮುಖಗಳು ಕಚ್ಚಿಕೊಳ್ಳದ ಕಡೆಯೂ ಸಂದಿ ತುಂಬಿ ನಿಲ್ಲುತ್ತದೆ. ಆದರೆ ಅದು ಸೀಳಿನ ಕೊನೆಯವರೆಗೆ ಹೋಗಬೇಕು. ಕೊನೆಯೇ ಮುಖ್ಯ: ಬಿರುಕಿನ ಚೂಪು ತುದಿಯಲ್ಲಿ ಒತ್ತಡ ಅನೇಕ ಪಟ್ಟು ಹೆಚ್ಚುತ್ತದೆ, ಅಲ್ಲಿ ಬಿಟ್ಟುಹೋದ ಒಂದು ಮಿಲಿಮೀಟರ್ ಮುಂದಿನ ಬಿರುಕಿನ ಆರಂಭ. ಮೇಸ್ತ್ರಿ ಕತ್ತನ್ನು ಹೇರ್ ಡ್ರೈಯರಿನಿಂದ ಬೆಚ್ಚಗೆ ಮಾಡಿ, ಸಿರಿಂಜಿನಿಂದ ಅಂಟು ಬಿಟ್ಟು ಸುಮ್ಮನೆ ಕಾದರು. ಮರ ತಣ್ಣಗಾಗುವಾಗ ಸೀಳಿನೊಳಗಿನ ಗಾಳಿ ಕುಗ್ಗಿ ಅಂಟನ್ನು ತಾನೇ ಒಳಗೆಳೆದುಕೊಂಡಿತು. ಆಮೇಲೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದೆಳೆದು ಸುತ್ತಿದರು. ಕತ್ತಿನಂಥ ದುಂಡನೆಯ, ಸೊಟ್ಟ ಆಕಾರಕ್ಕೆ ಕಬ್ಬಿಣದ ಕ್ಲ್ಯಾಂಪುಗಳು ಹಿಡಿಯುವುದು ಎರಡೇ ಕಡೆ, ರಬ್ಬರ್ ಸುತ್ತಲೂ ಒಂದೇ ಸಮ ಒತ್ತುತ್ತದೆ. ಓರೆ ಸೀಳಿಗೆ ಅಡ್ಡಲಾಗಿ, ಒಳಗಿನಿಂದ, ಹೊರಗೆ ಕಾಣದಂತೆ, ತಿರುಪು ಸುತ್ತುಗಳಿರುವ ತೆಳು ಹಿತ್ತಾಳೆ ಸಲಾಕೆಯನ್ನು ಎಪಾಕ್ಸಿಯಲ್ಲಿ ಅದ್ದಿ ಕೂರಿಸಿದರು. ಹಿತ್ತಾಳೆಯಾದರೆ ಆ ನೀಲಿಗಪ್ಪು ಉಂಗುರ ಮತ್ತೆ ಬರುವುದಿಲ್ಲ.

ಹೊಸ ಮರವೇ ಹಾಕಬೇಕೆಂದಿದ್ದರೆ ಇನ್ನೊಂದು ತೊಡಕು. ಗಟ್ಟಿತನಕ್ಕೂ ಅಂದಕ್ಕೂ ಬೀಟೆ ಚೆನ್ನ. ತೂಕ ಹೆಚ್ಚಾದ್ದರಿಂದ ಒದೆತವೂ ಕಡಿಮೆ. ಆದರೆ ಕೊಡಗಿನ ಜಮ್ಮಾ ಜಮೀನಿನಲ್ಲಿ ಬಹಳಷ್ಟು 'ಅನ್‌ರಿಡೀಮ್ಡ್' ವರ್ಗಕ್ಕೆ ಸೇರಿದ್ದು, ಅಲ್ಲಿನ ಮರದ ಹಕ್ಕು ಸರ್ಕಾರದ್ದು. ಕೋವಿ ಇಟ್ಟುಕೊಳ್ಳುವ ಹಕ್ಕು ಕೊಡುವ ಅದೇ ಜಮೀನು ಅದರ ಹಿಡಿಗೆ ಬೇಕಾದ ಬೀಟೆ ಕಡಿಯುವ ಹಕ್ಕು ಕೊಡುವುದಿಲ್ಲ! ಯುರೋಪಿನವರು ಆರಿಸಿಕೊಂಡದ್ದು ಅಕ್ರೋಟಿನ ಮರ. ಅದು ಎರಡೂ ದಿಕ್ಕಿಗೆ ಕುಗ್ಗುವ ಪ್ರಮಾಣದಲ್ಲಿ ಅಂತರ ಕಡಿಮೆ, ಪೆಟ್ಟು ತಿಂದರೂ ಬೇಗ ಸೀಳುವುದಿಲ್ಲ. ಆದರೆ ಕಾಶ್ಮೀರದಿಂದ ತರಿಸಿದ ತುಂಡು ಬೆಂಗಳೂರಿನ ಗಾಳಿಗೆ ಒಗ್ಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು.

ನನಗೆ ಅತ್ಯಂತ ಹಿಡಿಸಿದ್ದು ಕಾಡಿಗೆಯ ಪರೀಕ್ಷೆ. ನಳಿಗೆಯ ಹಿಂತುದಿಗೂ ಬಾಲಕ್ಕೂ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಸವರಿ, ಮರದಲ್ಲಿ ಕೂರಿಸಿ, ಒತ್ತಿ, ಮೇಲೆತ್ತಿದರು. ಕಪ್ಪು ಹತ್ತಿದ್ದು ಬಾಲದ ತುದಿಯಲ್ಲಿ ಒಂದು ಚುಕ್ಕೆ, ಅಷ್ಟೇ. ಸೀಳಿನ ಕಾರಣ ಬೆಂಚಿನ ಮೇಲೆ ಬರೆದಿಟ್ಟಂತೆ ಕಂಡಿತು. ತುದಿಯ ಹಿಂದೆ ಉಳಿಯಿಂದ ಕೂದಲೆಳೆಯಷ್ಟು ಕೆರೆದರು, ಚಪ್ಪಟೆ ಮುಖದ ಹಿಂದಿನ ಸಂದಿಗೆ ಎಪಾಕ್ಸಿ ತುಂಬಿ ಕಬ್ಬಿಣಕ್ಕೆ ಮೇಣ ಸವರಿ ಅಚ್ಚು ತೆಗೆದರು. ಮತ್ತೆ ಕಾಡಿಗೆ, ಮತ್ತೆ ಕೆರೆತ. ಕೊನೆಗೆ ಇಡೀ ಮುಖ ಕಪ್ಪಾಗಿ ಅಚ್ಚೊತ್ತಿತು, ಬಾಲದ ತುದಿ ಶುಭ್ರವಾಗಿ ಉಳಿಯಿತು. ಈ ಹೆಜ್ಜೆ ಬಿಟ್ಟು ಬರೀ ಅಂಟು ಹಾಕಿದ ಕೋವಿ ನೋಡಲು ಹೊಸದರಂತಿರುತ್ತದೆ, ನಾಲ್ಕು ಈಡಿಗೆ ಮತ್ತೆ ಅದೇ ಜಾಗದಲ್ಲಿ ಬಾಯಿ ಬಿಡುತ್ತದೆ.

ಮೆರುಗಿಗೆ ಎರಡು ದಾರಿ. ಒಂದು ಅರಗು, ಅಂದರೆ ಫ್ರೆಂಚ್ ಪಾಲಿಶ್. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಇದೇ ಅರಗು. ದಕ್ಷಿಣ ಬೆಂಗಳೂರಿಗೆ ಇದರ ಜೊತೆ ಒಂದು ಹಳೆಯ ನಂಟಿದೆ: ಬನ್ನೇರುಘಟ್ಟದ ಕಾಡಿನಲ್ಲಿರುವ ಜಾಲಾರಿ ಮರದ ಮೇಲೆ ಬಾಳುವ ಅರಗಿನ ಕೀಟಕ್ಕೆ 'ಮೈಸೊರೆನ್ಸಿಸ್' ಎಂದು ಹೆಸರಿಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1920ರ ದಶಕದಲ್ಲಿ ಅದನ್ನು ಅಭ್ಯಾಸ ಮಾಡಿದ ಎಸ್. ಮಹದಿಹಸನ್. ಅರಗಿನ ಪೊರೆ ತೇವವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೇಗ ಗೀರು ಬೀಳುತ್ತದೆ, ಬೆವರಿಗೂ ಬಿಸಿಗೂ ಮಂಕಾಗುತ್ತದೆ. ಇನ್ನೊಂದು ಅಗಸೆ ಎಣ್ಣೆ. ಇದು ಆರುವುದು ಆವಿಯಾಗಿ ಅಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ, ಆರಿದ ಮೇಲೆ ತೂಕ ಹೆಚ್ಚೇ ಆಗಿರುತ್ತದೆ. ಈ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ತಾನಾಗಿ ಹೊತ್ತಿಕೊಳ್ಳಬಹುದು. ಮೇಸ್ತ್ರಿ ಅದನ್ನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟಿದ್ದರು.

ಅವರು ಹಚ್ಚಿದ್ದು ಅಗಸೆ ಎಣ್ಣೆಯನ್ನೇ, ಅಂಗೈಯಿಂದ ಉಜ್ಜಿ, ತೆಳ್ಳಗೆ, ದಿನ ಬಿಟ್ಟು ದಿನ. ಯಂತ್ರದ ಗುಣಿಯೊಳಗೆ ಮಾತ್ರ ಅರಗು. ಹೊರಗೆ ಕಾಣುವ ಜಾಗಕ್ಕೆ ಹೊಳಪು ಕೊಟ್ಟು ಒಳಗೆ ಹಸಿ ಮರ ಬಿಡುವುದು ಸಾಮಾನ್ಯ ರೂಢಿ, ತೇವ ಒಳಹೊರಗೆ ಓಡಾಡುವುದು ಅಲ್ಲಿಂದಲೇ. ಯಾವ ಮೆರುಗೂ ಆ ಓಡಾಟವನ್ನು ಪೂರ್ತಿ ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಹಾಗಾಗಿ ಕೋವಿ ಮರಳಿಸುವಾಗ ಮೇಸ್ತ್ರಿ ಕೊಟ್ಟ ಸೂಚನೆಗಳೆಲ್ಲ ಮನೆಯ ಬಗ್ಗೆಯೇ ಇದ್ದವು: ಪಶ್ಚಿಮದ ಗೋಡೆಗೆ ತಾಗಿದ ಕಬ್ಬಿಣದ ಬೀರು ಬೇಡ, ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಕೊಡವರ ಆಯುಧಪೂಜೆಯಾದ ಕೈಲ್ ಪೊಳ್ದಿಗೆ ನಳಿಗೆಯ ಬಾಯಿಗೆ ತೋಕ್ ಪೂ ಎಂಬ ಹೂವು ಸಿಕ್ಕಿಸಲು ಊರಿಗೆ ಒಯ್ದಾಗ ಮರ ತೇವ ಹೀರಿ ಬಾಲದ ಸ್ಕ್ರೂ ಬಿಗಿಯಾಗಿರುತ್ತದೆ, ಅದನ್ನು ತಿರುಗಿಸಬೇಡಿ, ಬೆಂಗಳೂರಿಗೆ ತಂದು ಎರಡು ತಿಂಗಳು ಬಿಟ್ಟು ನೋಡಿ. "ಈಡು ಹೊಡೀಬಹುದಾ?" ಎಂದು ಹಿರಿಯರು ಕೇಳಿದರು. "ಮರ ತಡೆಯುತ್ತೆ ಸಾರ್. ಕೇಪಿನ ತೊಟ್ಟು ಬದಲಾಯಿಸೋವರೆಗೂ ಬೇಡ" ಎಂದು ಮೇಸ್ತ್ರಿ ತುಕ್ಕು ತಿಂದ ಆ ತೊಟ್ಟನ್ನು ಬೆರಳಿನಿಂದ ತೋರಿಸಿ, ಅದಕ್ಕೆ ಬೇರೆ ಬಿಲ್ ಆಗುತ್ತದೆ ಎಂದೂ ಸೇರಿಸಿದರು.